ಗ್ರಾಮ ಅರಣ್ಯ ಸಮಿತಿಯೋ, ಸಮುದಾಯ ಅರಣ್ಯ ಹಕ್ಕೋ?

ಪೋಡಿನ (ಕಾಡಿನ ಹಾಡಿಯ) ಸುತ್ತಲ ಕಾಡನ್ನು ಮತ್ತೆ ಚೇತರಿಸಲು ಹೊರಟವರ ಮುಂದೆ ಎರಡು ದಾರಿಗಳಿವೆ.

ಜಂಟಿ ಅರಣ್ಯ ಯೋಜನೆಯ ಗ್ರಾಮ ಅರಣ್ಯ ಸಮಿತಿ ಬೇಗ ಆಗುತ್ತದೆ. ಸಸಿ, ಕೂಲಿ ಅರಣ್ಯ ಇಲಾಖೆಯಿಂದ ಬರುತ್ತವೆ. ಆದರೆ ಯಾವ ಗಿಡ, ಎಲ್ಲಿ ಎಂಬಲ್ಲಿ ಇಲಾಖೆಯ ಮಾತೇ ಹೆಚ್ಚು ನಡೆಯುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆಯ ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕಿಗೆ ಓಡಾಟ ಜಾಸ್ತಿ. ಗಡಿ ನಕ್ಷೆ, ಹಿರಿಯರ ಹೇಳಿಕೆ, ಆಮೇಲೆ ಉಪವಿಭಾಗ ಮತ್ತು ಜಿಲ್ಲಾ ಸಮಿತಿಗಳು, ವರ್ಷಗಳೇ ಹಿಡಿಯಬಹುದು. ಸಿಕ್ಕರೆ ಮಾತ್ರ ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಅಧಿಕಾರ ಗ್ರಾಮಸಭೆಯದೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಹಕ್ಕು ಪಡೆದರು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ!

ತರಗಿಗೆ ಸಣ್ಣ ಬೆಂಕಿ ಕೊಡುವ ಪದ್ಧತಿ ನಿಂತ ಮೇಲೆ ಲಂಟಾನ ಎಂಬ ಕಳೆಪೊದೆ ಹಬ್ಬಿತು ಎನ್ನುತ್ತಾರೆ ಅಲ್ಲಿನ ಹಿರಿಯರು. ಲಂಟಾನವನ್ನು ನೆಲದ ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ. ಬೇರನ್ನು ಮಣ್ಣಿನೊಳಗೇ ಕತ್ತರಿಸಿ, ಬುಡ ಮೇಲಾಗಿ ಮಗುಚಿಡಬೇಕು. ಮಳೆಗೆ ಹುಟ್ಟಿದ ಮರಿಗಳನ್ನು ವರ್ಷವರ್ಷವೂ ಕೀಳಬೇಕು. ಇಷ್ಟು ದೀರ್ಘ ಕೆಲಸ ಒಂದು ಯೋಜನೆಯ ಅವಧಿಯಲ್ಲಿ ಮುಗಿಯುವಂಥದ್ದಲ್ಲ. ಕಾಡು ತಮ್ಮದೆಂಬ ಭರವಸೆ ಇದ್ದವರು ಮಾಡುತ್ತಾರೆ.

ಈ ವರ್ಷವೇ ಕೂಲಿ ಬೇಕೆಂದರೆ ಸಮಿತಿ ಸಾಕು. ಜೇನು, ನೆಲ್ಲಿ, ಮೊಮ್ಮಕ್ಕಳ ಬದುಕು ಎಲ್ಲವೂ ಆ ಕಾಡಿನಲ್ಲೇ ಎಂದಿದ್ದರೆ ಹಕ್ಕಿಗೇ ಅರ್ಜಿ ಹಾಕಿ. ನಮೂನೆ ‘ಸಿ’, ಗ್ರಾಮಸಭೆಯ ಠರಾವಿನೊಂದಿಗೆ.