ದೇರಾ ವಾಟರ್‌ಫ್ರಂಟ್ ಮಾರ್ಕೆಟ್ಟಿನ ಖರ್ಜೂರದ ಸಾಲು

ದುಬೈಗೆ ಬರುವ ನಮ್ಮ ಬಾಗಲಕೋಟೆ ಕಡೆಯವರು ಊರಿಗೆ ಹೊರಡುವ ಮುನ್ನ ತಪ್ಪದೆ ಕೇಳುತ್ತಾರೆ: ಖರ್ಜೂರ ಎಲ್ಲಿ ಕೊಳ್ಳಬೇಕು, ಯಾವುದು ಕೊಳ್ಳಬೇಕು? ಎಲ್ಲಿ ಅನ್ನುವುದಕ್ಕೆ ನನ್ನ ಉತ್ತರ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್. ಹಳೆಯ ಮೀನು ಮಾರ್ಕೆಟ್ಟಿನ ಬದಲಿಗೆ 2017ರಲ್ಲಿ ತೆರೆದ ಜಾಗ ಇದು. ಮೀನು ತಿನ್ನದವರು ಆ ವಾಸನೆಗೆ ಹೆದರಿ ಹಿಂದಿರುಗಬೇಡಿ, ಹಣ್ಣು ಮತ್ತು ಒಣಹಣ್ಣಿನ ವಿಭಾಗ ಬೇರೆಯೇ ಇದೆ. ಯಾವುದು ಅನ್ನುವುದಕ್ಕೆ ಉತ್ತರ ಸ್ವಲ್ಪ ಉದ್ದ.

ಮೊದಲು ಅಂಗಡಿಗಳ ಬಗ್ಗೆ. ಬಹುತೇಕ ಎಲ್ಲರೂ ರುಚಿ ನೋಡಲು ಕೊಡುತ್ತಾರೆ, ಹಿಂದಿಯಲ್ಲಿ ಮಾತಾಡುತ್ತಾರೆ, ಎರಡು ಕಿಲೋ ಮೇಲೆ ಕೊಂಡರೆ ದರವನ್ನೂ ಇಳಿಸುತ್ತಾರೆ. ರುಚಿಗೆ ಕೊಟ್ಟ ಹಣ್ಣನ್ನು ಹಾಗೇ ಬಾಯಿಗೆ ಹಾಕಿಕೊಳ್ಳದೆ ಸೀಳಿ ನೋಡಿ. ಖರ್ಜೂರದೊಳಗೆ ಹುಳು ಇರಬಹುದು, ಒಳ್ಳೆಯ ಅಂಗಡಿಯಲ್ಲೂ ಇರಬಹುದು. ನಾನು ಮೆಚ್ಚಿದ ಅಂಗಡಿಯವರು ಸೀಳಿ ಬೀಜ ತೆಗೆದೇ ಕೈಗಿಡುತ್ತಾರೆ. ಮೇಲೆ ಬಿಳಿ ಚುಕ್ಕೆ ಕಂಡರೆ ಬೂಷ್ಟು ಅಂತ ಗಾಬರಿಯಾಗುವವರಿದ್ದಾರೆ. ಹಣ್ಣಿನ ಸಕ್ಕರೆಯೇ ಹರಳುಗಟ್ಟಿದರೂ ಹಾಗೆ ಕಾಣುತ್ತದೆ. ಹುಳಿ ಅಥವಾ ಹೆಂಡದ ವಾಸನೆ ಬಂದರೆ ಮಾತ್ರ ಮುಲಾಜಿಲ್ಲದೆ ಬಿಟ್ಟುಬಿಡಿ.

ಈಗ ತಳಿಗಳು. ಗಾಜಿನ ಪೆಟ್ಟಿಗೆಯಲ್ಲಿ ಮುಂದೆ ಕಾಣುವುದು ಮೆಡ್ಜೂಲ್ ಮತ್ತು ಅಜ್ವಾ. ಮೆಡ್ಜೂಲ್ ಮೂಲತಃ ಮೊರಾಕೊದ ತಳಿ. ಅಲ್ಲಿ ಬಾಯೂದ್ ಅನ್ನುವ ರೋಗ ಮರಗಳನ್ನು ಕೊಲ್ಲುತ್ತಿದ್ದಾಗ, 1927ರಲ್ಲಿ 11 ಸಸಿಗಳನ್ನು ಅಮೆರಿಕಕ್ಕೆ ಒಯ್ದರು. ಅಮೆರಿಕದ ಮೆಡ್ಜೂಲ್ ತೋಟಗಳು ಆ ಸಸಿಗಳಿಂದಲೇ ಬೆಳೆದವು. ಹಣ್ಣು ದೊಡ್ಡದು, ಮೆತ್ತಗಿನದು, ಒಂದಕ್ಕೆ ಸುಮಾರು 24 ಗ್ರಾಂ ತೂಕ. ಆ ಒಂದು ಹಣ್ಣಿನಲ್ಲೇ 16 ಗ್ರಾಂ ಸಕ್ಕರೆ ಇದೆ, ಅದನ್ನು ನೆನಪಿಡಿ. ಬಾದಾಮಿ ತುಂಬಿ ಕೊಡಲು ಚಂದ, ದಿನಾ ತಿನ್ನಲು ದುಬಾರಿ.

ಅಜ್ವಾ ಮದೀನಾದ ಹಣ್ಣು. ಕಪ್ಪು, ಗುಂಡಗೆ, ಸ್ವಲ್ಪ ಒಣಗಿದ ಹಾಗೆ, ಮೈಮೇಲೆ ತೆಳು ಬಿಳಿ ಗೆರೆ. ಪ್ರವಾದಿ ಮುಹಮ್ಮದರ ನುಡಿಗಳ ಸಂಗ್ರಹವಾದ ಹದೀಸ್‌ನಲ್ಲಿ ಇದರ ಪ್ರಸ್ತಾಪವಿರುವುದರಿಂದ ಮುಸ್ಲಿಂ ಗೆಳತಿಯರಿಗೆ ಇದನ್ನು ಕೊಟ್ಟಾಗ ಅವರ ಮುಖ ಅರಳುವುದನ್ನು ನೋಡಿದ್ದೇನೆ. ಆ ಕಾರಣಕ್ಕಾಗಿ ಕೊಳ್ಳುವುದಾದರೆ ಕಾಸು ಕೊಟ್ಟದ್ದು ಸಾರ್ಥಕ. ಆದರೆ ಪ್ರವಾಸಿಗರು ಹೆಚ್ಚಾಗಿ ಬರುವ ಬೇರೊಂದು ಬೀದಿಯ ಅಂಗಡಿಯಲ್ಲಿ ನನಗೆ ಸಫಾವಿಯನ್ನೇ ಅಜ್ವಾ ಅಂತ ತೋರಿಸಿದ್ದರು. ಸಫಾವಿಯೂ ಮದೀನಾದ್ದೇ, ಕಪ್ಪೇ, ರುಚಿಯೂ ಚೆನ್ನಾಗಿದೆ, ಆದರೆ ಆಕಾರ ಉದ್ದ, ಬೆಲೆ ಬಹಳ ಕಡಿಮೆ. ಗುಂಡಗಿಲ್ಲದಿದ್ದರೆ ಅಜ್ವಾದ ಬೆಲೆ ಕೊಡಬೇಡಿ.

ಸುಕ್ಕರಿ ಸೌದಿಯ ಅಲ್ ಕಸೀಮ್ ಪ್ರಾಂತ್ಯದ್ದು, ಚಿನ್ನದ ಬಣ್ಣ, ನನಗೆ ಅತಿ ಸಿಹಿ. ಕಿಮಿಯಾ ಅಂತ ಕಪ್ಪು ಡಬ್ಬಿಯಲ್ಲಿ ಬರುವುದು ಇರಾನಿನ ಮಜಾಫತಿ, ಬಾಮ್ ಊರಿನ ಸುತ್ತಮುತ್ತಲಿನ ಬೆಳೆ. ನೀರಿನಂಶ ಜಾಸ್ತಿ, ಹಾಗಾಗಿ ಫ್ರಿಜ್‌ನಲ್ಲೇ ಇಡಬೇಕು. ಹೊರಗಿಟ್ಟು ಮಾರುವ ಅಂಗಡಿಯಿಂದ ಕೊಳ್ಳಲೇಬೇಡಿ.

ನನ್ನ ಆಯ್ಕೆ ಖಲಾಸ್. ಸೌದಿಯ ಅಲ್ ಅಹ್ಸಾ ಓಯಸಿಸ್‌ನಲ್ಲೂ ಎಮಿರೇಟ್ಸ್‌ನ ತೋಟಗಳಲ್ಲೂ ಬೆಳೆಯುವ ಹಣ್ಣು ಇದು. ಜೇನು ಬಣ್ಣ, ತೆಳು ಸಿಪ್ಪೆ, ಕೊನೆಯಲ್ಲಿ ಸುಟ್ಟ ಸಕ್ಕರೆಯ ಸಣ್ಣ ಕಹಿ. ಇಲ್ಲಿಯ ಮನೆಗಳಲ್ಲಿ ಏಲಕ್ಕಿ ಹಾಕಿದ ಸಕ್ಕರೆಯಿಲ್ಲದ ಅರಬ್ ಕಾಫಿ ಗಾವಾ ಜೊತೆ ಖಲಾಸ್ ಕೊಡುವುದನ್ನು ಬಹಳ ಕಡೆ ಕಂಡಿದ್ದೇನೆ. ಕಾಫಿಯ ಕಹಿ, ಹಣ್ಣಿನ ಸಿಹಿ ಒಂದಕ್ಕೊಂದು ಹೇಳಿ ಮಾಡಿಸಿದ ಜೋಡಿ. ಬಿಡಿಯಾಗಿ ತೂಗಿಸಿಕೊಂಡರೆ ಮೆಡ್ಜೂಲ್‌ನ ಅರ್ಧ ಬೆಲೆಯೂ ಆಗುವುದಿಲ್ಲ. ಫರ್ದ್ ಅನ್ನುವ ಕಂದು ಬಣ್ಣದ ಒಮಾನಿ ತಳಿಯೂ ಅಷ್ಟೇ ಅಗ್ಗ, ಅಷ್ಟೇ ಚೆನ್ನ.

ಖಲಾಸ್ ಕಡೆ ನಾನು ವಾಲಲು ಇನ್ನೊಂದು ಕಾರಣ ನಮ್ಮ ಅಪ್ಪ. ಅವರಿಗೆ ಸಕ್ಕರೆ ಕಾಯಿಲೆ, ಖರ್ಜೂರವೆಂದರೆ ಪ್ರಾಣ. ಎಮಿರೇಟ್ಸ್‌ನಲ್ಲಿ ಐದು ತಳಿಗಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಖಲಾಸ್, ಫರ್ದ್ ಎರಡೂ ಅದರಲ್ಲಿದ್ದವು. ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಅಂತ ಗ್ಲೂಕೋಸನ್ನು 100 ಎಂದಿಟ್ಟು ಅಳೆಯುವ ಗ್ಲೈಸೆಮಿಕ್ ಇಂಡೆಕ್ಸ್, ಆರೋಗ್ಯವಂತರಲ್ಲಿ ಸುಮಾರು 46ರಿಂದ 55, ಮಧುಮೇಹಿಗಳಲ್ಲಿ 44ರಿಂದ 53 ಬಂತು. ಇಷ್ಟು ಸಿಹಿ ಇರುವ ಹಣ್ಣಿಗೆ ಇದು ಕಡಿಮೆಯೇ. ಹಾಗಂತ ಬಟ್ಟಲುಗಟ್ಟಲೆ ತಿನ್ನಬಹುದು ಅಂತ ಅಲ್ಲ. ನೂರು ಗ್ರಾಂ ಖರ್ಜೂರದಲ್ಲಿ 60 ಗ್ರಾಂ ಮೇಲ್ಪಟ್ಟು ಸಕ್ಕರೆಯೇ ಇದೆ, ಸುಮಾರು 280 ಕ್ಯಾಲೊರಿ. ಅಪ್ಪ ಡಾಕ್ಟರನ್ನು ಕೇಳಿ, ಊಟದ ನಂತರದ ಸಿಹಿಯ ಬದಲಿಗೆ ಎರಡು ಖಲಾಸ್ ತಿನ್ನುತ್ತಾರೆ, ಜೊತೆಗೆ ನಾಲ್ಕು ಶೇಂಗಾ. ಬದಲಿಗೆ ಅನ್ನುವುದು ಇಲ್ಲಿ ಮುಖ್ಯ, ಸಿಹಿಯ ಮೇಲೆ ಇದೂ ಸೇರಿದರೆ ಲೆಕ್ಕ ತಪ್ಪುತ್ತದೆ.

ರಕ್ತ ಆಗುತ್ತದೆ ಅನ್ನುವ ಮಾತಿಗೆ ಬರುತ್ತೇನೆ, ಏಕೆಂದರೆ ನಮ್ಮ ಹೆಣ್ಣುಮಕ್ಕಳು ಖರ್ಜೂರ ಕೊಳ್ಳುವುದೇ ಅದಕ್ಕೆ. ನೂರು ಗ್ರಾಂ ಹಣ್ಣಿನಲ್ಲಿ ಕಬ್ಬಿಣ ಬರೀ 1 ಮಿಲಿಗ್ರಾಂ ಆಸುಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೆಂಗಸರಿಗೆ ಹೇಳಿದ್ದು ದಿನಕ್ಕೆ 29 ಮಿಲಿಗ್ರಾಂ. ರಾಗಿಯಲ್ಲಿ ಅಷ್ಟೇ ತೂಕಕ್ಕೆ 4.6 ಮಿಲಿಗ್ರಾಂ ಇದೆ. ಹಿಮೋಗ್ಲೋಬಿನ್ ಕಡಿಮೆ ಇರುವ ತಂಗಿಗೆ ದಯವಿಟ್ಟು ಡಬ್ಬಿ ಖರ್ಜೂರ ಕೊಟ್ಟು ಸುಮ್ಮನಾಗಬೇಡಿ, ಪರೀಕ್ಷೆ ಮಾಡಿಸಿ, ಬರೆದುಕೊಟ್ಟ ಮಾತ್ರೆ ನುಂಗಿಸಿ. ಈ ಹಣ್ಣಿನ ನಿಜವಾದ ಶಕ್ತಿ ಬೇರೆ ಕಡೆ ಇದೆ. ನೂರು ಗ್ರಾಂಗೆ 7-8 ಗ್ರಾಂ ನಾರು, 650ಕ್ಕೂ ಹೆಚ್ಚು ಮಿಲಿಗ್ರಾಂ ಪೊಟ್ಯಾಸಿಯಂ, ಸ್ವಲ್ಪ ಮೆಗ್ನೀಸಿಯಂ. ಮಲಬದ್ಧತೆಗೆ ರಾತ್ರಿ ನೆನೆಸಿ ಬೆಳಿಗ್ಗೆ ತಿನ್ನುವ ಅವ್ವನ ಪದ್ಧತಿಗೆ ಈ ನಾರೇ ಆಧಾರ. ರಂಜಾನ್ ಉಪವಾಸವನ್ನು ಖರ್ಜೂರದಿಂದ ಬಿಡುವುದರಲ್ಲೂ ಅರ್ಥವಿದೆ: ಗ್ಲೂಕೋಸ್, ಫ್ರಕ್ಟೋಸ್ ಆಗಲೇ ಬಿಡಿಬಿಡಿಯಾಗಿರುವುದರಿಂದ ದಣಿದ ದೇಹಕ್ಕೆ ಬೇಗ ಸಿಗುತ್ತವೆ. ಕಿಡ್ನಿ ತೊಂದರೆ ಇರುವವರಿಗೆ ಮಾತ್ರ ಇದೇ ಪೊಟ್ಯಾಸಿಯಂ ಅಪಾಯ ತರಬಹುದು, ವೈದ್ಯರನ್ನು ಕೇಳದೆ ತಿನ್ನಬಾರದು.

ಜುಲೈ-ಆಗಸ್ಟ್‌ನಲ್ಲಿ ಇಲ್ಲಿಗೆ ಬಂದರೆ ಒಣಹಣ್ಣಿನ ಅಂಗಡಿ ಬಿಟ್ಟು ಮೊದಲು ತಾಜಾ ಹಣ್ಣಿನ ಕಡೆ ಹೋಗಿ. ಆಗ ರುತಬ್ ಬಂದಿರುತ್ತದೆ. ಅರ್ಧ ಹಳದಿ, ಅರ್ಧ ಕಂದು; ಒಂದು ಕಡೆ ಗರಿಗರಿ, ಇನ್ನೊಂದು ಕಡೆ ಬಾಯಲ್ಲಿ ಕರಗುವಷ್ಟು ಮೆತ್ತಗೆ. ನಲವತ್ತೈದು ಡಿಗ್ರಿ ಬಿಸಿಲನ್ನು ಬೈಯುವವರು ಆ ಬಿಸಿಲೇ ಮಾಗಿಸಿದ ಈ ಹಣ್ಣನ್ನು ಒಮ್ಮೆ ತಿನ್ನಬೇಕು. ಗೊನೆಯಲ್ಲೇ ಮಾರುವ ಹಳದಿ ಬರ್ಹಿಯೂ ಸಿಗುತ್ತದೆ. ಉಳಿದ ಬಹಳಷ್ಟು ತಳಿಗಳು ಹಳದಿಯಿದ್ದಾಗ ನಾಲಿಗೆಯನ್ನು ಒಗರಿನಿಂದ ಹಿಡಿದುಬಿಡುತ್ತವೆ, ಬರ್ಹಿಯಾದರೆ ಕಾಯಿ ಹದದಲ್ಲೇ ಸಿಹಿ. ನಮ್ಮ ದೇಶದಲ್ಲಿ ಕಚ್ಛ್‌ನ ಖಾರೆಕ್ ಕೂಡ ಈ ಹದದಲ್ಲೇ ಇಳಿಯುತ್ತದೆ, ಮಳೆ ಬಂದು ಹಣ್ಣು ಕೊಳೆಯುವ ಮುಂಚೆ ಕೊಯ್ಯಬೇಕಲ್ಲ.

ಮನೆಗೆ ತಂದ ಮೇಲೆ ನಾನು ಹೆಚ್ಚು ಬಳಸುವುದು ಖರ್ಜೂರದ ಪಾಕ, ಇಲ್ಲಿಯವರ ದಿಬ್ಸ್. ರಾಗಿ ಅಂಬಲಿಗೆ ಒಂದು ಚಮಚ ಸಾಕು, ಬೆಲ್ಲ ಬೇಡ. ಶೀಶೆಯ ಮೇಲೆ ಖರ್ಜೂರ ಬಿಟ್ಟು ಗ್ಲೂಕೋಸ್ ಸಿರಪ್ ಅಂತ ಬರೆದಿದ್ದರೆ ವಾಪಸ್ ಇಟ್ಟುಬಿಡಿ. ಎಮಿರಾತಿಗಳ ಬತೀತ್ ಕೂಡ ಕಲಿತಿದ್ದೇನೆ: ಹುರಿದ ಹಿಟ್ಟು, ಖರ್ಜೂರ, ತುಪ್ಪ, ಏಲಕ್ಕಿ, ನಮ್ಮ ಹಿಟ್ಟಿನುಂಡೆಯ ಅಕ್ಕನ ಹಾಗೆ. ಆದರೆ ಬಾಣಂತಿಯ ಅಂಟಿನುಂಡೆಗೆ, ಉಡಿ ತುಂಬಲು, ಜಾತ್ರೆಯಲ್ಲಿ ತೇರಿಗೆ ಎಸೆಯಲು ಬೇಕಾದ ಒಣ ಉತ್ತತ್ತಿಗಾಗಿ ಇಲ್ಲಿ ಅಲೆಯಬೇಡಿ. ಊರಿನ ಸಂತೆಯಲ್ಲೇ ಕೈಯಲ್ಲಿ ಆರಿಸಿ ಕೊಂಡರಾಯಿತು.

ಊರಿಗೆ ಒಯ್ಯುವವರು ಖಲಾಸನ್ನು ಅಂಗಡಿಯಲ್ಲೇ ವ್ಯಾಕ್ಯೂಮ್ ಪ್ಯಾಕ್ ಮಾಡಿಸಿ, ತೂಕ ನಿಮ್ಮೆದುರಿಗೇ ಹಾಕಿಸಿ. ಶುಕ್ರವಾರ ಸಂಜೆ ಜನಜಂಗುಳಿ, ಅಂಗಡಿಯವರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ವಾರದ ಬೆಳಿಗ್ಗೆ ಹೋಗಿ, ನಾಲ್ಕು ಅಂಗಡಿಯ ಖಲಾಸ್ ತಿಂದು ನೋಡಿ, ಆಮೇಲೆ ಕೊಳ್ಳಿ.