ತುಂಬಿದ ಬಟ್ಟಲೋ, ಹೊತ್ತಿಗೆ ಊಟವೋ: ತೊಗರಿಗೆ ಮೂರು ಥರ ಉಣಿಸಿ ನೋಡಿದೆ

ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆಯ ಗದ್ದಲ ನಡೆದಿದ್ದ ವಾರ ನಮ್ಮ ಮನೆಗೆ ಬೆಕ್ಕು ಬಂತು. ಗೆಳತಿಗೆ ಹೈದರಾಬಾದಿಗೆ ವರ್ಗವಾಗಿತ್ತು, ಅಲ್ಲಿನ ಮನೆ ಮಾಲೀಕರು ಬೆಕ್ಕು ಬೇಡ ಅಂದಿದ್ದರು. ಬಣ್ಣ ಥೇಟ್ ತೊಗರಿಬೇಳೆ. ಕಲಬುರಗಿಯಲ್ಲಿದ್ದು ಬೇರೆ ಹೆಸರು ಯಾಕೆ ಹುಡುಕಬೇಕು? ತೊಗರಿ ಅಂತಲೇ ಕರೆದೆವು. ಗಂಡು, ಎರಡು ವರ್ಷ, ಸಂತಾನಹರಣದ ಆಪರೇಷನ್ ಆಗಿದೆ, ಬಂದ ದಿನ ತೂಕ 3.4 ಕೆಜಿ.

ಊಟದ ವಿಷಯಕ್ಕೆ ಮೂವರು ಮೂರು ಮಾತು ಹೇಳಿದರು. ಗೆಳತಿ, ‘ಬಟ್ಟಲು ತುಂಬಿಸಿ ಇಟ್ಟುಬಿಡು, ಹಸಿವಾದಾಗ ತಿನ್ನುತ್ತದೆ’ ಅಂದಳು. ಅವ್ವ, ‘ಬೆಕ್ಕಿಗೇನು ಟೈಂ ಟೇಬಲ್ ಅದ? ಹಾಲು ರೊಟ್ಟಿ ಹಾಕು, ತಿಂತದ’ ಅಂದಳು. ಪಶುವೈದ್ಯರು ಅಳತೆ ಮಾಡಿ ಹೊತ್ತಿಗೆ ಸರಿಯಾಗಿ ಕೊಡಿ ಅಂದರು. ನಾನು ಬೆಳಿಗ್ಗೆ ಒಂಬತ್ತೂವರೆಗೆ ಹೋದರೆ ಸಂಜೆ ಆರಕ್ಕೆ ಬರುವವಳು. ನನಗೆ ಗೆಳತಿಯ ಮಾತೇ ಸುಲಭ ಅನ್ನಿಸಿತು, ಅದರಿಂದಲೇ ಶುರು ಮಾಡಿದೆ.

ತುಂಬಿದ ಬಟ್ಟಲಿನಲ್ಲಿ ಒಂದು ಒಳ್ಳೆಯದು ಖಂಡಿತ ಇದೆ. ಹೊಸ ಮನೆಗೆ ಬಂದ ಬೆಕ್ಕು ನಾಚುತ್ತದೆ. ತೊಗರಿ ಮೊದಲ ಮೂರು ದಿನ ಅಲ್ಮಾರಿಯ ಹಿಂದೆಯೇ ಇತ್ತು. ನಾವು ಎದುರಿಗಿದ್ದರೆ ಬಾಯಿ ಹಾಕುತ್ತಿರಲಿಲ್ಲ. ರಾತ್ರಿ ದೀಪ ಆರಿದ ಮೇಲೆ ಕಟುಂ ಕಟುಂ ಸದ್ದು ಕೇಳಿದರೆ ನನಗೆ ನೆಮ್ಮದಿಯ ನಿದ್ದೆ. ಹಳೆ ಮನೆಯಲ್ಲಿ ತಿನ್ನುತ್ತಿದ್ದ ಒಣ ಆಹಾರವನ್ನೇ ಇಟ್ಟಿದ್ದೆ. ಬ್ರ್ಯಾಂಡ್ ಬದಲಿಸುವುದಿದ್ದರೆ ಏಳರಿಂದ ಹತ್ತು ದಿನ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗಬೇಕು, ಇಲ್ಲದಿದ್ದರೆ ಹೊಟ್ಟೆ ಕೆಡುತ್ತದೆ.

ಇರುವೆಯ ಕಾಟಕ್ಕೆ ತಾಟಿನಲ್ಲಿ ನೀರು ಹಾಕಿ ಅದರ ನಡುವೆ ಬಟ್ಟಲು ಇಟ್ಟೆ. ಅದೇನೂ ದೊಡ್ಡ ಕಷ್ಟವಲ್ಲ. ಕಷ್ಟ ಬಂದದ್ದು ಬೇರೆ ಕಡೆಯಿಂದ. ದಿನಾ ಬಟ್ಟಲು ಖಾಲಿ. ‘ಏನು ಚೆನ್ನಾಗಿ ತಿಂತದ ನೋಡ್ರಿ’ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಹತ್ತನೇ ದಿನ ತೂಗಿಸಿದರೆ 3.2 ಕೆಜಿ! ಅದೇ ಭಾನುವಾರ ಮಧ್ಯಾಹ್ನ ಗೊತ್ತಾಯಿತು. ಕೂಲರ್ ಇಟ್ಟ ಕಿಟಕಿಯ ಸಂದಿಯಿಂದ ಒಂದು ಕರಿ ಬೆಕ್ಕು ಇಳಿದು ಬಂತು, ಶಹಾಬಾದ್ ಕಲ್ಲಿನ ಮೇಲೆ ಆರಾಮಾಗಿ ಕುಳಿತು, ತಲೆ ಕೂಡ ಎತ್ತದೆ ಇಡೀ ಬಟ್ಟಲು ಮುಗಿಸಿತು. ನಮ್ಮ ತೊಗರಿ ಅಲ್ಮಾರಿಯ ಮೂಲೆಯಿಂದ ನೋಡುತ್ತಿತ್ತು.

ಇದು ನಗುವ ವಿಷಯ ಅಲ್ಲ. ಬೆಕ್ಕು ಎರಡು ದಿನ ಪೂರ್ತಿ ಉಪವಾಸ ಬಿದ್ದರೆ ಮೈಯ ಕೊಬ್ಬು ಲಿವರ್‌ಗೆ ತುಂಬಿಕೊಂಡು ಜೀವಕ್ಕೇ ಬರಬಹುದು. ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಜಾಸ್ತಿ. ಒಂದು ದಿನ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು. ಬಟ್ಟಲು ತುಂಬಿಟ್ಟರೆ ಯಾರು ತಿಂದರು, ಎಷ್ಟು ತಿಂದರು ಅಂತ ಗೊತ್ತೇ ಆಗುವುದಿಲ್ಲ. ಕಿಟಕಿ ಬಾಗಿಲು ಮುಚ್ಚಿದ ಫ್ಲ್ಯಾಟಿನಲ್ಲಿ ಒಂದೇ ಬೆಕ್ಕಿದ್ದರೆ ಕಳ್ಳನ ಭಯ ಇಲ್ಲ ಅನ್ನಿ. ಆದರೆ ಆಪರೇಷನ್ ಆದ ಬೆಕ್ಕು ಮನೆಯೊಳಗೇ ಕುಳಿತು ದಿನವಿಡೀ ಮೆದ್ದರೆ ಬೊಜ್ಜು ಬರುತ್ತದೆ.

ಆಮೇಲೆ ಅವ್ವನ ಸರದಿ. ಹಾಲು ರೊಟ್ಟಿ ಹಾಕಿದ ಮರುದಿನವೇ ಭೇದಿ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ. ಜೋಳದ ರೊಟ್ಟಿ ನಮಗೆ ಪ್ರಾಣ, ಮಾಂಸ ತಿನ್ನುವ ಪ್ರಾಣಿಗೆ ಅದರಿಂದ ಹೊಟ್ಟೆ ತುಂಬುತ್ತದೆ ಅಷ್ಟೇ. ಅವ್ವ ಒಪ್ಪಲಿಲ್ಲ. ‘ನಮ್ಮ ಹೊಲದ ಮನ್ಯಾಗ ಹತ್ತು ಬೆಕ್ಕು ಬೆಳದಾವ’ ಅಂತ ವಾದ. ಅವು ದಿನಾ ಎಷ್ಟು ಇಲಿ ತಿನ್ನುತ್ತಿದ್ದವು ಅಂತ ಕೇಳಿದೆ. ಉತ್ತರ ಬರಲಿಲ್ಲ.

ಕೋಳಿ ಬೇಯಿಸೋಣ ಅಂದರೆ ನಮ್ಮ ಒಲೆಯ ಮೇಲೆ ಮಾಂಸ ಏರುವುದಿಲ್ಲ. ಮೇಲಿನ ಮನೆಯ ಖಾಲಾ, ‘ಅದಕ್ಕ ಯಾಕ ಚಿಂತಿ ಮಾಡ್ತಿ ಬೇಟಾ, ನಾ ಕುದಿಸಿ ಕೊಡ್ತೀನಿ’ ಅಂದರು. ಮೊದಲ ದಿನ ಪ್ರೀತಿಯಿಂದ ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿಯೇ ಕುದಿಸಿದ್ದರು. ವಾಸನೆ ಬಂದದ್ದಕ್ಕೆ ತಟ್ಟೆ ಇಡುವ ಮೊದಲೇ ಗೊತ್ತಾಯಿತು. ಇವೆರಡೂ ಬೆಕ್ಕಿನ ರಕ್ತದ ಕೆಂಪು ಕಣಗಳನ್ನೇ ಹಾಳು ಮಾಡುತ್ತವೆ, ಸ್ವಲ್ಪವೂ ಹಾಕಬಾರದು. ಮರುದಿನದಿಂದ ಬರೀ ನೀರಲ್ಲಿ ಕುದಿಸಿದ ಕೋಳಿ ಬಂತು. ತೊಗರಿ ತಟ್ಟೆಯನ್ನು ಗೋಡೆಯವರೆಗೂ ತಳ್ಳುತ್ತಾ ನೆಕ್ಕಿತು. ರುಚಿಯಲ್ಲಿ ಇದಕ್ಕೇ ಮೊದಲ ನಂಬರ್, ಅನುಮಾನವೇ ಬೇಡ.

ಆದರೆ ಬರೀ ಬೇಯಿಸಿದ ಕೋಳಿಯನ್ನೇ ನಂಬಿ ಇರಲಾಗದು. ಎಲುಬು ತೆಗೆದ ಮಾಂಸದಲ್ಲಿ ಕ್ಯಾಲ್ಸಿಯಂ ಸಾಲದು. ಕಣ್ಣಿಗೂ ಹೃದಯಕ್ಕೂ ಬೇಕಾದ ಟಾರಿನ್ ಅನ್ನುವ ಅಂಶ ಕುದಿಸಿದ ನೀರಿಗೆ ಇಳಿದು ಹೋಗುತ್ತದೆ. ಮೇಲಾಗಿ ನಮ್ಮೂರಿನ ಬಿಸಿಲು. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದ ಮೇಲೆ ಇಂಥ ತೇವದ ಊಟ ತಟ್ಟೆಯಲ್ಲಿ ಅರ್ಧ ಗಂಟೆ ಉಳಿದರೂ ನೊಣ, ವಾಸನೆ. ಈಗ ಖಾಲಾನ ಕೋಳಿ ವಾರಕ್ಕೆ ಎರಡು ದಿನ, ಎರಡು ಚೂರು, ಅಷ್ಟೇ.

ನಡುವೆ ಆಫೀಸಿನವರೊಬ್ಬರು ತಾವು ಬಿಟ್ಟಿದ್ದ ಟೈಮರ್ ಡಬ್ಬಿ ಕೊಟ್ಟರು. ಹೊತ್ತಾದಾಗ ತಾನೇ ಊಟ ಸುರಿಯುವಂಥದ್ದು. ಕರೆಂಟ್ ಹೋಗಿ ಬಂದರೆ ಅದರ ಗಡಿಯಾರ ಮತ್ತೆ ಹನ್ನೆರಡಕ್ಕೆ ಬಂದು ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಇಲ್ಲಿ ಕರೆಂಟಿನ ಕಥೆ ಗೊತ್ತಲ್ಲ. ಎರಡೇ ದಿನಕ್ಕೆ ವಾಪಸ್ ಕೊಟ್ಟೆ.

ಕೊನೆಗೆ ಡಾಕ್ಟರ್ ಹೇಳಿದ ದಾರಿ. ತೊಗರಿಯಂಥ ಬೆಕ್ಕಿಗೆ ದಿನಕ್ಕೆ ಸುಮಾರು 210 ಕ್ಯಾಲರಿ ಸಾಕು. ನಮ್ಮ ಪೊಟ್ಟಣದ ಮೇಲೆ 100 ಗ್ರಾಮಿಗೆ 380 ಅಂತ ಬರೆದಿದೆ, ಅಂದರೆ ದಿನಕ್ಕೆ 55 ಗ್ರಾಂ. ನೋಡಲು ಇಷ್ಟೇ ಇಷ್ಟು. ಅವ್ವ ನೋಡಿ, ‘ಇದು ಗುಬ್ಬಿಗೆ ಹಾಕೋದೇನು?’ ಅಂದಳು. ಬೆಳಿಗ್ಗೆ 6ಕ್ಕೆ 20 ಗ್ರಾಂ, ಸಂಜೆ ಆರೂವರೆಗೆ 15, ರಾತ್ರಿ ಹತ್ತೂವರೆಗೆ 20. ಒಮ್ಮೆ ತಕ್ಕಡಿಯಲ್ಲಿ ತೂಗಿ ನೋಡಿದೆ, ಸಣ್ಣ ಚಹಾ ಗ್ಲಾಸಿನ ಅರ್ಧಕ್ಕೆ 20 ಗ್ರಾಂ ಬರುತ್ತದೆ. ಈಗ ಆ ಗ್ಲಾಸೇ ಅಳತೆ. ಅರ್ಧ ಗಂಟೆಯಾದ ಮೇಲೆ ಬಟ್ಟಲು ಎತ್ತಿ ಇಡುತ್ತೇನೆ.

ಮೊದಲ ನಾಲ್ಕು ದಿನ ಹಿಂಸೆ. ಬಟ್ಟಲು ಎತ್ತಿದ ಕಡೆಯೇ ಕುಳಿತು ಒಂದೇ ಸಮನೆ ಕೂಗು. ಐದನೇ ದಿನ ಸಂಜೆ ನಾನು ಗೇಟು ತೆಗೆದ ಸದ್ದಿಗೆ ಅಲ್ಮಾರಿಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತಿತು. ನಮ್ಮ ಎದುರಿಗೇ ತಿಂದಿತು. ಕೈಯಿಂದ ಊಟ ಸಿಗುತ್ತದೆ ಅಂತ ಗೊತ್ತಾದ ಮೇಲೆಯೇ ಮೈ ಮುಟ್ಟಲು ಬಿಟ್ಟದ್ದು. ಇದನ್ನು ನಾನು ಎಣಿಸಿಯೇ ಇರಲಿಲ್ಲ. ಒಂದು ಹೊತ್ತು ತಿನ್ನದಿದ್ದರೂ ಈಗ ಅವತ್ತೇ ಕಣ್ಣಿಗೆ ಬೀಳುತ್ತದೆ. ಹೊಸ ಬೆಕ್ಕು ತಂದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕಾ? ಒಂದೂವರೆ ತಿಂಗಳಿಗೆ ತೂಕ 3.5 ಕೆಜಿ.

ಮೇ ತಿಂಗಳಲ್ಲಿ ಸ್ವಲ್ಪ ಬದಲಿಸಿದೆ. ಬೆಳಗಿನ ಊಟ ಐದೂವರೆಗೆ ಬಂತು. ಸಂಜೆಯ 15 ಗ್ರಾಮಿನ ಬದಲು ಪೌಚಿನಲ್ಲಿ ಬರುವ ತೇವದ ಊಟ, ಅದೂ ಏಳೂವರೆಯ ಮೇಲೆ, ಎರಡು ಚಮಚ ನೀರು ಬೆರೆಸಿ. ತೇವದ ಊಟದಲ್ಲಿ ಮುಕ್ಕಾಲು ಭಾಗ ನೀರೇ ಇರುತ್ತದೆ, ಒಣ ಆಹಾರದಲ್ಲಿ ಹತ್ತನೇ ಒಂದು ಭಾಗ. ಬೆಕ್ಕುಗಳು ತಾವಾಗಿ ನೀರು ಕುಡಿಯುವುದು ಕಡಿಮೆ. ನೀರಿನ ಮಣ್ಣಿನ ಬಟ್ಟಲುಗಳನ್ನು ಊಟದಿಂದ ದೂರ ಎರಡು ಕಡೆ ಇಟ್ಟಿದ್ದೇನೆ.

ನೀವು ತಂದದ್ದು ಆರು ತಿಂಗಳ ಒಳಗಿನ ಮರಿಯಾದರೆ ನನ್ನ ಲೆಕ್ಕ ಬೇಡ. ಅದಕ್ಕೆ ಮರಿಗಳ ಆಹಾರವೇ ಬೇರೆ, ದಿನಕ್ಕೆ ಮೂರು ನಾಲ್ಕು ಸಲ ಬೇಕು.

ನಸುಕಿನ ಕೂಗು ಮಾತ್ರ ಪೂರ್ತಿ ನಿಂತಿಲ್ಲ. ಎದ್ದ ಕೂಡಲೇ ಕೊಟ್ಟರೆ ನಾಳೆ ಇನ್ನೂ ಬೇಗ ಎಬ್ಬಿಸುತ್ತದೆ ಅಂತ ಮೊದಲು ಚಹಾ ಇಟ್ಟು ಆಮೇಲೆ ಬಟ್ಟಲಿಗೆ ಕೈ ಹಾಕುತ್ತೇನೆ. ನಾಲ್ಕೂವರೆಗೆ ಇದ್ದದ್ದು ಐದು ಹತ್ತಕ್ಕೆ ಬಂದಿದೆ. ಕರಿ ಬೆಕ್ಕು ಈಗ ಖಾಲಾನ ಮಾಳಿಗೆಯಲ್ಲಿ ಉಣ್ಣುತ್ತದೆ. ಅದಕ್ಕೆ ಹಾಲು ರೊಟ್ಟಿ ಒಯ್ದು ಹಾಕುವವಳು ಅವ್ವ, ಸಂಜೆ ಸರಿಯಾಗಿ ಆರೂವರೆಗೆ.