ಮೂರು ತಿಂಗಳಿಗೊಮ್ಮೆ 45,100: ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಜೊತೆ ಎರಡೂವರೆ ವರ್ಷ

ಪೀಣ್ಯದ ಒಂದು ಕಾರ್ಖಾನೆಯಲ್ಲಿ 31 ವರ್ಷ ಸ್ಟೋರ್ ಕೀಪರ್ ಆಗಿದ್ದೆ. 2023ರಲ್ಲಿ ಅರವತ್ತು ತುಂಬಿತು, ತುಮಕೂರಿಗೆ ವಾಪಸ್ ಬಂದೆ. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ ಬಂದದ್ದರಲ್ಲಿ ಮಗಳ ಮದುವೆ ಸಾಲ ತೀರಿಸಿ 22 ಲಕ್ಷ ಉಳಿಯಿತು. ಇಪಿಎಸ್ ಪಿಂಚಣಿ ಅಂತ ತಿಂಗಳಿಗೆ ಬರುವುದು ನಾಲ್ಕು ಸಾವಿರದೊಳಗೆ. ಬ್ಯಾಂಕಿನ ಹುಡುಗನೊಬ್ಬ "ಅಂಕಲ್, ಇದು ಎಫ್‌ಡಿ ಥರಾನೇ" ಅಂತ ಹತ್ತು ವರ್ಷದ ವಿಮೆ ಪಾಲಿಸಿಯೊಂದನ್ನು ತಲೆಗೆ ಕಟ್ಟಲು ನೋಡಿದ. ಅವನಿಂದ ತಪ್ಪಿಸಿಕೊಂಡು ಆ ಜುಲೈನಲ್ಲಿ ಅಷ್ಟೂ ದುಡ್ಡನ್ನು ಸರ್ಕಾರದ ಐದು ವರ್ಷದ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆ.

ಮೊದಲು ಒಳ್ಳೆಯದು ಹೇಳುತ್ತೇನೆ. ನನ್ನ ಖಾತೆಗೆ ಬಡ್ಡಿ ವರ್ಷಕ್ಕೆ 8.2 ಪರ್ಸೆಂಟ್. ನಾವು ಖಾತೆ ತೆರೆದ ದಿನ ಏನಿತ್ತೋ ಐದು ವರ್ಷ ಅದೇ. 2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) 6.5ರಿಂದ 5.25ಕ್ಕೆ ಇಳಿಸಿದಾಗ ಎಫ್‌ಡಿ ಇಟ್ಟುಕೊಂಡ ಗೆಳೆಯರೆಲ್ಲ ನವೀಕರಣದ ಹೊತ್ತಿಗೆ ಮುಖ ಸಪ್ಪೆ ಮಾಡಿಕೊಂಡರು. ನನಗೆ ಏನೂ ಆಗಲಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ, ತಿಂಗಳ ಮೊದಲಲ್ಲೇ 45,100 ಬಂದು ಬೀಳುತ್ತದೆ. ಆದರೆ ದರಕ್ಕೆ ಬಿದ್ದ ಇದೇ ಬೀಗ ನಮಗೆ ತಿರುಗಿಯೂ ಬೀಳುತ್ತದೆ. ನಮ್ಮ ಬೀದಿಯ ಮೇಷ್ಟ್ರು 2021ರಲ್ಲಿ ಹಾಕಿದವರು, ಆಗ ದರ 7.4. ಆಮೇಲೆ ಏರಿದ್ದು ಅವರಿಗೆ ಸಿಗಲೇ ಇಲ್ಲ.

ತೆರಿಗೆ ವಿಷಯ. ಈ ಬಡ್ಡಿಗೆ ವಿನಾಯಿತಿ ಇಲ್ಲ, ಪೂರ್ತಿ ಆದಾಯಕ್ಕೆ ಸೇರುತ್ತದೆ. ನನ್ನ ಒಟ್ಟು ಆದಾಯಕ್ಕೆ ತೆರಿಗೆ ಬರುವುದಿಲ್ಲ, ಆದರೂ ತೆರಿಗೆ ಹಿಡಿಯಬೇಡಿ ಅಂತ ಪ್ರತಿ ಏಪ್ರಿಲ್‌ನಲ್ಲಿ ಒಂದು ಫಾರಂ ಕೊಡಬೇಕು (2025ರವರೆಗೆ ಅದರ ಹೆಸರು 15ಎಚ್). 2024ರಲ್ಲಿ ಮರೆತೆ, ತಪ್ಪು ನನ್ನದೇ. ಜುಲೈನಲ್ಲಿ ಬಂದದ್ದು 40,590. ಹಿಡಿದುಕೊಂಡ 4,510 ರೂಪಾಯಿಗಾಗಿ ಮಾರನೆಯ ವರ್ಷ ರಿಟರ್ನ್ಸ್ ಹಾಕುವವರೆಗೆ ಕಾಯಬೇಕಾಯಿತು. ಆಗ ವರ್ಷದ ಬಡ್ಡಿ 50,000 ದಾಟಿದರೆ ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳುತ್ತಿದ್ದರು. 2025ರ ಏಪ್ರಿಲ್‌ನಿಂದ ಆ ಮಿತಿ ಒಂದು ಲಕ್ಷ. ನನ್ನದು 1,80,400, ಹಾಗಾಗಿ ಫಾರಂ ತಪ್ಪಿದ್ದಲ್ಲ.

ನಿಜ ಹೇಳಬೇಕೆಂದರೆ ನನಗೆ ಪೆಟ್ಟು ಕೊಟ್ಟದ್ದು ಆದಾಯ ತೆರಿಗೆಯಲ್ಲ. ಗಂಡ ಹೆಂಡತಿ ಇಬ್ಬರ ಆರೋಗ್ಯ ವಿಮೆಯ ಕಂತು 38,000, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 6,840. ಒಟ್ಟು 44,840. ಮೂರು ತಿಂಗಳ ಬಡ್ಡಿಯಲ್ಲಿ ಉಳಿದದ್ದು 260 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಆ ಜಿಎಸ್‌ಟಿ ತೆಗೆದುಹಾಕಿದರು. ನಾನು ಕಟ್ಟಿದ್ದು ಜೂನ್‌ನಲ್ಲಿ! ಇನ್ನು ಹಾಲು. ನಾನು ಖಾತೆ ತೆರೆದ ಮರು ತಿಂಗಳೇ ನಂದಿನಿ ಲೀಟರಿಗೆ 3 ರೂಪಾಯಿ ಏರಿತು. 2024ರಲ್ಲಿ ಪ್ಯಾಕೆಟ್ಟಿಗೆ 50 ಎಂಎಲ್ ಜಾಸ್ತಿ ಹಾಕಿ 2 ರೂಪಾಯಿ ಏರಿಸಿದರು, 2025ರ ಏಪ್ರಿಲ್‌ನಲ್ಲಿ ಆ 50 ಎಂಎಲ್ ಹೋಯಿತು, ಲೀಟರಿಗೆ ಮತ್ತೆ 4 ರೂಪಾಯಿ ಬಂತು. ನನ್ನ 45,100 ಮಾತ್ರ 2028ರವರೆಗೂ 45,100.

ಈಗ ಯಾರೂ ನನಗೆ ಮೊದಲೇ ಹೇಳದ ಮಾತು. ಈ ಖಾತೆಯಿಂದ ಸ್ವಲ್ಪ ಮಾತ್ರ ತೆಗೆಯಲು ಬರುವುದಿಲ್ಲ. 2025ರ ಆಗಸ್ಟ್‌ನಲ್ಲಿ ನಮ್ಮ ಮನೆಯವರ ಮಂಡಿ ಆಪರೇಷನ್ ಆಯಿತು. ವಿಮೆಯವರು ಕೊಟ್ಟು ಮಿಕ್ಕದ್ದು 80,000 ನಾವೇ ಹೊಂದಿಸಬೇಕಿತ್ತು. ಎಂಬತ್ತು ಸಾವಿರಕ್ಕೆ 22 ಲಕ್ಷವನ್ನೂ ಮುರಿಯಬೇಕು. ಎರಡು ವರ್ಷ ದಾಟಿದ್ದರಿಂದ ದಂಡ ಒಂದು ಪರ್ಸೆಂಟ್, ಅಂದರೆ 22,000. ಎರಡು ವರ್ಷದೊಳಗಾಗಿದ್ದರೆ ಒಂದೂವರೆ. ಒಂದು ವರ್ಷವೂ ಆಗಿರದಿದ್ದರೆ ಅಲ್ಲಿಯವರೆಗಿನ ಬಡ್ಡಿಯೇ ಇಲ್ಲ. ಮುರಿಯಲಿಲ್ಲ, ಅವಳ ಬಳೆ ಅಡವಿಟ್ಟೆ.

ಒಬ್ಬರ ಹೆಸರಿನಲ್ಲೇ ಒಂದಕ್ಕಿಂತ ಹೆಚ್ಚು ಖಾತೆ ತೆರೆಯಬಹುದು, ಎಲ್ಲ ಸೇರಿ 30 ಲಕ್ಷ ದಾಟಬಾರದು ಅಷ್ಟೆ. ಇದು ನನಗೆ ಆಮೇಲೆ ಗೊತ್ತಾಯಿತು. ಹೊಸದಾಗಿ ಹಾಕುವವರು ದಯವಿಟ್ಟು ಒಡೆದು ಹಾಕಿ: ದೊಡ್ಡದೊಂದು, ಎರಡು ಲಕ್ಷದ್ದು ಎರಡು ಮೂರು. ಕಷ್ಟಕ್ಕೆ ಚಿಕ್ಕದನ್ನು ಮುರಿದರೆ ಮುಗಿಯಿತು. ಬಡ್ಡಿ ಬೀಳುವ ಖಾತೆಯಲ್ಲೇ ಬಿಟ್ಟರೆ ಅದಕ್ಕೆ ಸಿಗುವುದು ಉಳಿತಾಯ ಖಾತೆಯ ಬಡ್ಡಿ ಮಾತ್ರ, ಅದನ್ನೂ ನೆನಪಿಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ನಿಯತ್ತಿನಲ್ಲಿ ಇದನ್ನು ಮೀರಿಸುವುದು ನನಗೆ ಸಿಕ್ಕಿಲ್ಲ. ಮನೆ ನಡೆಸಲು ಇದೊಂದೇ ಸಾಕೇ ಅಂದರೆ ಸಾಲದು. ಈಗ ವಾರದಲ್ಲಿ ಮೂರು ದಿನ ಅಂತರಸನಹಳ್ಳಿಯ ಒಂದು ಗೋದಾಮಿನಲ್ಲಿ ಸ್ಟಾಕ್ ಲೆಕ್ಕ ಬರೆಯುತ್ತಿದ್ದೇನೆ. ಬಳೆ ಬಿಡಿಸಲು ಇನ್ನು 31,000 ಕಟ್ಟಬೇಕು.